ಮೆಮೊರಿ ಕಾರ್ಡ್ ಇಲ್ಲದ ಮಳೆಗಾಲ

ಜುಲೈ ಮೂರನೆಯ ವಾರ ಅಕ್ಕನ ಮಗಳು ನಮ್ಮ ಮನೆಯಲ್ಲಿ ಸಿಕ್ಕಿಹಾಕಿಕೊಂಡಳು. ಶನಿವಾರ ಬಂದವಳು ಭಾನುವಾರ ಸಂಜೆ ಮಡಿಕೇರಿಗೆ ಹಿಂದಿರುಗಬೇಕಿತ್ತು. ಅಷ್ಟರಲ್ಲಿ ಭಾಗಮಂಡಲದ ರಸ್ತೆಗೆ ಅಡ್ಡಲಾಗಿ ಮರ ಬಿತ್ತು. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬಂತು, ಮರುದಿನವೂ ಬಂತು, ಅದರ ಮರುದಿನವೂ ಬಂತು. ಒಂಬತ್ತನೆಯ ತರಗತಿಯ ಹುಡುಗಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಬಚ್ಚಲೊಲೆಯ ಮೇಲೆ ಒಣಹಾಕಿದ ಬಟ್ಟೆಗಳ ಹೊಗೆವಾಸನೆ, ಕೆಂಡದಲ್ಲಿ ಸುಟ್ಟ ಹಲಸಿನ ಬೀಜ, ಹಂಚಿನ ಮೇಲೆ ಎಡೆಬಿಡದ ಸದ್ದು. ಎರಡನೆಯ ದಿನ ಅವಳು ನನ್ನ ಕೋಣೆಯ ಕಪಾಟು ಕೆದಕಿ ಎರಡು ಡಬ್ಬಿಗಳನ್ನು ಹಿಡಿದುಕೊಂಡು ಬಂದಳು. ಒಂದರಲ್ಲಿ ಮೂರು ನಕಲು ಸಿ.ಡಿ.ಗಳು, ಅವುಗಳ ಮೇಲೆ ದೊಡ್ಡಪ್ಪನ ಮಗ ಮಾರ್ಕರಿನಲ್ಲಿ ಬರೆದ ಒಂದು, ಎರಡು, ಮೂರು. ಇನ್ನೊಂದು ಅಂಗಡಿಯಿಂದ ತಂದ ಹೊಳೆಯುವ ನೀಲಿ ಡಬ್ಬಿ.

"ಮಾವ, ಎರಡರ ಮೇಲೂ ಫೈನಲ್ ಫ್ಯಾಂಟಸಿ 7 ಎಂದಿದೆ. ಯಾವುದನ್ನು ಆಡಲಿ?"

ನಕಲು ಸಿ.ಡಿ.ಗಳಲ್ಲಿದ್ದದ್ದು 1997ರ ವಿಡಿಯೊ ಗೇಮ್, ನೀಲಿ ಡಬ್ಬಿಯಲ್ಲಿದ್ದದ್ದು ಅದನ್ನೇ ಮತ್ತೆ ಕಟ್ಟಿದ 2020ರ ಹೊಸ ರೂಪ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಮೊದಲೇ ಸಿದ್ಧವಾಗಿತ್ತು. ಗೆಳೆಯರು ಕೇಳಿದಾಗಲೆಲ್ಲ ಅದನ್ನೇ ಕೊಟ್ಟಿದ್ದೇನೆ. ಮೊದಲ ಸಲ ಆಡುವವರಿಗೆ ಹಳೆಯದು, ಹಳೆಯದನ್ನು ಅರೆದು ಕುಡಿದವರಿಗೆ ಹೊಸದು. ಸಾಮಾನ್ಯವಾಗಿ ಜನ ಇದನ್ನು ತಿರುಗುಮುರುಗಾಗಿ ಹೇಳುತ್ತಾರೆ. ಹೊಸಬರಿಗೆ ಹೊಸ ರೂಪವೇ ಸುಲಭ, ಹಳೆಯದು ನಮ್ಮಂಥ ಹಳಬರ ಹಂಬಲಕ್ಕೆ ಎಂದು. ನನಗೆ ಹಾಗನ್ನಿಸುವುದಿಲ್ಲ. ಯಾಕೆ ಎನ್ನುವುದಕ್ಕೆ 2001ರ ಮಳೆಗಾಲಕ್ಕೆ ಹೋಗಬೇಕು.

ಆ ವರ್ಷ ಮೇ ತಿಂಗಳಲ್ಲಿ ಚಿಕ್ಕಪ್ಪ ದುಬೈಯಿಂದ ಬಂದಾಗ ಒಂದು ಬೂದು ಬಣ್ಣದ ಪ್ಲೇಸ್ಟೇಷನ್ ತಂದರು. ಊರಿಗೇ ಅದೊಂದು. ಯಂತ್ರ ಇತ್ತು, ಎರಡು ಕಂಟ್ರೋಲರ್‌ಗಳು ಇದ್ದವು, ಇಪ್ಪತ್ತೊಂದು ಇಂಚಿನ ಟಿ.ವಿ. ಇತ್ತು. ಇರದಿದ್ದದ್ದು ಮೆಮೊರಿ ಕಾರ್ಡ್. ಅದನ್ನು ಬೇರೆಯಾಗಿ ಕೊಳ್ಳಬೇಕು ಎಂಬುದು ಚಿಕ್ಕಪ್ಪನಿಗೂ ಗೊತ್ತಿರಲಿಲ್ಲ, ನಮಗಂತೂ ಅಂಥದ್ದೊಂದು ಇದೆ ಎಂಬುದೇ ತಿಳಿದಿರಲಿಲ್ಲ. ಕಾರು ಓಡಿಸುವ ಆಟಕ್ಕೆ ಅದಿಲ್ಲದಿದ್ದರೂ ನಡೆಯುತ್ತದೆ. ಆದರೆ ಪಾತ್ರ ವಹಿಸಿ ಆಡುವ ಆಟಗಳು, ಆರ್‌ಪಿಜಿ ಎನ್ನುತ್ತಾರಲ್ಲ, ಅವು ಮೂವತ್ತು ನಲವತ್ತು ತಾಸಿನ ಕಥೆಗಳು. ಆಡಿದಷ್ಟನ್ನು ಉಳಿಸಿಕೊಳ್ಳಲು ಆ ಬೆಂಕಿಪೊಟ್ಟಣದಷ್ಟು ಕಾರ್ಡೇ ಗತಿ. ಅದರಲ್ಲಿ ಇರುವುದು ಹದಿನೈದು ಮನೆಗಳು, ಒಟ್ಟು 128 ಕಿಲೋಬೈಟ್. ಈಗ ಒಂದು ಶುಭೋದಯದ ಚಿತ್ರ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ.

ಹೀಗಾಗಿ ನಾನೂ ಅಣ್ಣನೂ ಆ ಮಳೆಗಾಲವಿಡೀ ಫೈನಲ್ ಫ್ಯಾಂಟಸಿ 7 ಎಂಬ ಈ ಒಂದೇ ಆಟದ ಮೊದಲ ಭಾಗವನ್ನು ಮತ್ತೆ ಮತ್ತೆ ಆಡಿದೆವು. ಕತ್ತಲ ಓಣಿಯಲ್ಲಿ ಹೂ ಮಾರುವ ಹುಡುಗಿಯ ಮುಖ. ಅಲ್ಲಿಂದ ದೃಷ್ಟಿ ಹಿಂದಕ್ಕೆ ಸರಿಯುತ್ತ ಹೋಗಿ ಇಡೀ ಮಿಡ್‌ಗಾರ್ ನಗರ ಕಾಣುತ್ತದೆ, ಮತ್ತೆ ಒಳಕ್ಕೆ ಇಳಿದು ರೈಲು ನಿಲ್ಲುತ್ತದೆ, ಕ್ಲೌಡ್ ಎಂಬ ಮುಳ್ಳುಕೂದಲಿನ ಹುಡುಗ ಕೆಳಗೆ ಹಾರುತ್ತಾನೆ. ಶಿನ್ರಾ ಕಂಪನಿಯ ರಿಯಾಕ್ಟರಿಗೆ ಬಾಂಬಿಡಬೇಕು. ಒಂದು ತಾಸು, ಒಂದೂವರೆ ತಾಸು. ಅಷ್ಟರಲ್ಲಿ ಎಲ್ಲೋ ಒಂದು ಸಿಲ್ವರ್ ಓಕ್ ತಂತಿಯ ಮೇಲೆ ಬೀಳುತ್ತಿತ್ತು. ಕರೆಂಟು ಹೋಯಿತು ಎಂದರೆ ಕ್ಲೌಡ್ ಮತ್ತೆ ರೈಲಿನಲ್ಲಿ.

ಒಮ್ಮೆ ತುಲಾ ಸಂಕ್ರಮಣದ ಹಿಂದಿನ ವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಐದು ತಾಸು ಆಡಿದ್ದನ್ನು ಕಳೆದುಕೊಳ್ಳಲು ಮನಸ್ಸಾಗದೆ ಯಂತ್ರವನ್ನು ಆರಿಸದೆ, ಟಿ.ವಿ. ಮಾತ್ರ ಆರಿಸಿ, ಮೇಲೆ ಒಂದು ಟವೆಲು ಹೊದಿಸಿ ಮಲಗಿದೆವು. ನಡುರಾತ್ರಿ ಗುಡುಗು ಶುರುವಾಯಿತು. ಗುಡುಗಿದರೆ ಅಮ್ಮ ಮೊದಲು ಮಾಡುವ ಕೆಲಸ ಮೇನ್ ಸ್ವಿಚ್ ಆರಿಸುವುದು. ಬೆಳಗ್ಗೆ ಎದ್ದು ನೋಡಿದರೆ ಟವೆಲಿನ ಅಡಿಯಲ್ಲಿ ಯಂತ್ರ ತಣ್ಣಗೆ ಕೂತಿತ್ತು. ಅಣ್ಣ ಎರಡು ದಿನ ಅಮ್ಮನ ಜತೆ ಸರಿಯಾಗಿ ಮಾತನಾಡಲಿಲ್ಲ. ಅವಳಿಗೆ ಕಾರಣವೂ ತಿಳಿಯಲಿಲ್ಲ.

ಆ ಆಟದ ಮೊದಲ ದೊಡ್ಡ ಎದುರಾಳಿ ಒಂದು ಚೇಳು, ಯಂತ್ರದ ಚೇಳು. ಅದರ ಎದುರು ನಿಂತಾಗ ಕ್ಲೌಡ್ ಜತೆಗಾರನಿಗೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಕೊಡುತ್ತಾನೆ. ಪರದೆಯಲ್ಲಿ ಮೊದಲು ಬರುವ ಸಾಲು, ಬಾಲ ಮೇಲಿರುವಾಗ ಹೊಡೆ. ಅಲ್ಲಿಗೆ ವಾಕ್ಯ ಮುಗಿದು ಉದ್ಗಾರ ಚಿಹ್ನೆ ಬೀಳುತ್ತದೆ. ಆಮೇಲೆ ಇನ್ನೊಂದು ಸಾಲು, ಅದು ಲೇಸರಿನಿಂದ ತಿರುಗಿ ಹೊಡೆಯುತ್ತದೆ. ಹೇಳಬೇಕಿದ್ದದ್ದು ಬಾಲ ಮೇಲಿರುವಾಗ ಹೊಡೆದರೆ ಅದು ಲೇಸರಿನಿಂದ ತಿರುಗಿ ಹೊಡೆಯುತ್ತದೆ ಎಂದು. ಜಪಾನಿನ ಆಟ ಇಂಗ್ಲಿಷಿಗೆ ಬರುವಾಗ ಅನುವಾದದಲ್ಲಿ ನಮ್ಮ "ರೆ" ಎಂಬ ಒಂದಕ್ಷರದಷ್ಟು ಅರ್ಥ ಬಿದ್ದುಹೋಗಿ ಎಚ್ಚರಿಕೆ ಆಜ್ಞೆಯಾಗಿಬಿಟ್ಟಿತ್ತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಆಡುತ್ತಿದ್ದ ನಾವು ಹೇಳಿದಂತೆ ಕೇಳುವ ಮಕ್ಕಳು. ಬಾಲ ಎತ್ತುವುದನ್ನೇ ಕಾದು ಹೊಡೆದೆವು, ಸತ್ತೆವು. ಮತ್ತೆ ಕಾದು ಹೊಡೆದೆವು, ಮತ್ತೆ ಸತ್ತೆವು. ನಾವು ಹೊಡೆದದ್ದು ಸಾಲಲಿಲ್ಲವೇನೋ ಎಂದುಕೊಂಡೆವೇ ಹೊರತು ಬರೆದದ್ದು ತಪ್ಪಿರಬಹುದು ಎಂದು ಹೊಳೆಯಲೇ ಇಲ್ಲ. ಅಚ್ಚಾದದ್ದನ್ನು ಅನುಮಾನಿಸುವ ವಯಸ್ಸಲ್ಲ ಅದು. ಆ ಸಾಲಿಗೆ ಬಲಿಯಾದವರು ಪ್ರಪಂಚದ ತುಂಬ ಇದ್ದಾರೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ.

ಮಿಡ್‌ಗಾರ್ ಎನ್ನುವುದು ಕಂಬಗಳ ಮೇಲೆ ನಿಲ್ಲಿಸಿದ ದೊಡ್ಡ ತಟ್ಟೆಯಂಥ ನಗರ. ಉಳ್ಳವರು ತಟ್ಟೆಯ ಮೇಲೆ, ಇಲ್ಲದವರು ತಟ್ಟೆಯ ಕೆಳಗೆ. ಕೆಳಗಿನವರಿಗೆ ಆಕಾಶವೇ ಕಾಣುವುದಿಲ್ಲ. ನಾವು ಏಳು ತಿಂಗಳು ಅದರ ಕೆಳಗೇ ಇದ್ದೆವು. ಜನವರಿಯ ಒಂದು ಭಾನುವಾರ, ತೋಟದಲ್ಲಿ ಕೊಯ್ಲು, ಕಣದಲ್ಲಿ ಹರಡಿದ ಕಾಫಿ, ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ಬೆಳಗ್ಗೆ ಎಂಟಕ್ಕೆ ಕೂತವರು ಮಧ್ಯಾಹ್ನ ಮೂರಕ್ಕೆ ನಗರದ ಗೋಡೆಯ ಆಚೆಗೆ ಬಂದೆವು. ಅಲ್ಲಿಯ ತನಕ ಓಣಿ, ಕೊಳವೆ, ಮೆಟ್ಟಿಲು ಎಂದು ಇಕ್ಕಟ್ಟಾಗಿದ್ದ ಆಟ ಒಮ್ಮೆಗೇ ಬಿಚ್ಚಿಕೊಂಡಿತು. ಬಯಲು, ದೂರದಲ್ಲಿ ಬೆಟ್ಟ, ಸಂಗೀತವೇ ಬೇರೆ, ಕ್ಲೌಡ್ ಎಷ್ಟು ಚಿಕ್ಕವನು! ಇದು ಮುಗಿದೇ ಹೋಯಿತು ಎಂದು ನಾವು ತಿಳಿದಿದ್ದ ಆಟ ಅಲ್ಲಿ ಶುರುವಾಗುತ್ತಿತ್ತು. ಅಣ್ಣ ಕಂಟ್ರೋಲರ್ ಕೆಳಗಿಟ್ಟು, "ಇದಿಷ್ಟೂ ಹೊರಗೆ ಇತ್ತೇನೋ?" ಎಂದ. ಸಂಜೆ ಕಾಫಿ ರಾಶಿ ಮಾಡಿ ಟಾರ್ಪಾಲು ಮುಚ್ಚಲು ಅಪ್ಪ ಕೂಗುವ ತನಕ ಸುಮ್ಮನೆ ಆ ಬಯಲಿನಲ್ಲಿ ಓಡಾಡಿದೆವು. ಮುಂದಿನ ತಿಂಗಳು ಬೆಂಗಳೂರಿಗೆ ಹೋದವರೊಬ್ಬರ ಕೈಯಲ್ಲಿ ಕಾರ್ಡ್ ತರಿಸಿಕೊಂಡೆವು.

ಈಗ ಹೊಸದರ ಮಾತು. ಕನ್ನಡದಲ್ಲಿ ರೀಮೇಕ್ ಎಂಬ ಪದಕ್ಕೆ ಗಾಂಧಿನಗರದ ಮಸಿ ಅಂಟಿಕೊಂಡಿದೆ. ರೀಮೇಕ್ ಅಲ್ಲ, ಸ್ವಮೇಕ್ ಎಂದು ಎದೆ ತಟ್ಟಿಕೊಳ್ಳುವ ಜಾಹೀರಾತುಗಳನ್ನು ಓದಿ ಬೆಳೆದವರು ನಾವು. ಅಲ್ಲಿ ರೀಮೇಕ್ ಎಂದರೆ ನೆರೆಮನೆಯ ಸಾರು ತಂದು ನಮ್ಮ ಪಾತ್ರೆಗೆ ಸುರಿಯುವುದು. ಆಟಗಳ ಲೋಕದಲ್ಲಿ ಹಾಗಲ್ಲ. ಸಾಮಾನ್ಯವಾಗಿ ಹಕ್ಕು ಇರುವವರೇ ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ತಮ್ಮದನ್ನೇ ಮತ್ತೆ ಕಟ್ಟುತ್ತಾರೆ. ಅದರಲ್ಲೂ ಎರಡು ಬಗೆ. ತೋಟದವರಿಗಾದರೆ ಬೇಗ ಅರ್ಥವಾಗುತ್ತದೆ. ಮುದಿಯಾದ ರೋಬಸ್ಟಾ ಗಿಡವನ್ನು ಬುಡಕ್ಕೆ ಕೊಯ್ದು, ಬಂದ ಚಿಗುರಿಗೆ ಸಿ×ಆರ್ ತಳಿಯ ಕಸಿ ಕಟ್ಟುವುದುಂಟು. ಬೇರು ಹಳೆಯದೇ, ರೆಂಬೆ ಹೊಸದು. ರೀಮಾಸ್ಟರ್ ಎನ್ನುವುದು ಹೆಚ್ಚುಕಡಿಮೆ ಅದು. ಗಿಡವನ್ನೇ ಕಿತ್ತು, ಅದೇ ಗುಂಡಿಯಲ್ಲಿ ಹೊಸ ಸಸಿ ನೆಟ್ಟರೆ ಅದು ರೀಮೇಕ್.

ಕಸಿಯ ಹೋಲಿಕೆ ಅಕ್ಷರಶಃ ಹೊಂದುವ ಆಟವೂ ಇದೆ. 2006ರ ಆಬ್ಲಿವಿಯನ್ 2025ರ ಏಪ್ರಿಲಿನಲ್ಲಿ ರೀಮಾಸ್ಟರ್ ಆಗಿ ಬಂತು. ಒಳಗೆ ಲೆಕ್ಕಾಚಾರ ನಡೆಸುವುದು ಹಳೆಯ ಎಂಜಿನ್ನೇ, ಕಣ್ಣಿಗೆ ಕಾಣುವುದನ್ನು ಚಿತ್ರಿಸುವುದು ಅನ್‌ರಿಯಲ್ 5 ಎಂಬ ಹೊಸ ಎಂಜಿನ್. ಹಳೆಯ ಆಟದಲ್ಲಿ ಒಂದು ಪ್ರಸಿದ್ಧ ಎಡವಟ್ಟಿತ್ತು. ಧ್ವನಿ ಕೊಟ್ಟ ಕಲಾವಿದೆ ಒಂದು ಸಾಲು ಹೇಳಿ, ತಪ್ಪಿತೆನ್ನಿಸಿ, ತಾಳಿ ಇನ್ನೊಮ್ಮೆ ಹೇಳುತ್ತೇನೆ ಎಂದು ಮತ್ತೆ ಹೇಳಿದ್ದು ಕತ್ತರಿಸದೆ ಹಾಗೆಯೇ ಆಟದೊಳಗೆ ಉಳಿದುಬಿಟ್ಟಿತ್ತು. ರೀಮಾಸ್ಟರ್ ಮಾಡಿದವರು ಅದನ್ನು ತೆಗೆಯಲಿಲ್ಲ. ಬೇಕೆಂದೇ ಉಳಿಸಿದರು. ಎಷ್ಟೋ ದೊಡ್ಡ ಬದಲಾವಣೆಗಳನ್ನು ಬಿಟ್ಟು ನನಗೆ ಆ ತಂಡದ ಮೇಲೆ ಗೌರವ ಹುಟ್ಟಿಸಿದ್ದು ಇದೇ. ಜನ ಒಂದು ಹಳೆಯ ಆಟವನ್ನು ಯಾವುದಕ್ಕಾಗಿ ನೆನಪಿಡುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಇದರಾಚೆಗೆ ನನ್ನ ಮೆಚ್ಚುಗೆ ಪಡೆದದ್ದು 2021ರ ಡಯಾಬ್ಲೊ 2 ರಿಸರೆಕ್ಟೆಡ್. ಕೀಬೋರ್ಡಿನಲ್ಲಿ ಜಿ ಅಕ್ಷರ ಒತ್ತಿದರೆ ಆಟ ನಡೆಯುತ್ತಿರುವಾಗಲೇ 2000ನೇ ಇಸವಿಯ ಮೂಲ ಆಟದ ಚಿತ್ರಗಳು ಬರುತ್ತವೆ, ಮತ್ತೆ ಒತ್ತಿದರೆ ಹೊಸವು. ಎಲ್ಲರೂ ಹೀಗೆ ಮಾಡಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಮೂಲವೇ ಶ್ರೇಷ್ಠ ಎಂದು ಹಟ ಹಿಡಿಯುವವರನ್ನು ನಾನು ಕೇಳುವುದು, ಯಾವ ಮೂಲ? ಹಳಗನ್ನಡದ ಓಲೆಗರಿಗಳನ್ನು ಸಂಪಾದಿಸುವವರು ಪಾಠಾಂತರ ಎನ್ನುತ್ತಾರಲ್ಲ, ಆಟಗಳಿಗೂ ಅದು ತಪ್ಪಿದ್ದಲ್ಲ. ಫೈನಲ್ ಫ್ಯಾಂಟಸಿ 7 ಜಪಾನಿನಲ್ಲಿ 1997ರ ಜನವರಿಯಲ್ಲಿ ಬಂದಾಗ ಅದರಲ್ಲಿ ಎಮರಲ್ಡ್, ರೂಬಿ ಎಂಬ ಎರಡು ಮಹಾ ಎದುರಾಳಿಗಳು ಇರಲೇ ಇಲ್ಲ. ಅಮೆರಿಕದ ಆವೃತ್ತಿಗೆ ಸೇರಿಸಿದರು. ನಾವು ಮೂಲವೆಂದು ಎದೆಗೊತ್ತಿಕೊಂಡದ್ದೇ ಪರಿಷ್ಕೃತ ಪ್ರತಿ. 1998ರಲ್ಲಿ ಕಂಪ್ಯೂಟರಿಗೆ ಬಂದದ್ದರಲ್ಲಿ ಅದೇ ರಾಗಗಳು ಮಿಡಿ ಧ್ವನಿಯಲ್ಲಿ, ಅಗ್ಗದ ಕೀಬೋರ್ಡಿನಲ್ಲಿ ನುಡಿಸಿದಂತೆ ಕೇಳುತ್ತಿದ್ದವು. ಕ್ರೋನೊ ಟ್ರಿಗರ್ ಎಂಬ ಇನ್ನೊಂದು ಆಟ 1995ರದು. 1999ರ ಪ್ಲೇಸ್ಟೇಷನ್ ಆವೃತ್ತಿಗೆ ಸೊಗಸಾದ ಕಾರ್ಟೂನ್ ದೃಶ್ಯಗಳನ್ನು ಸೇರಿಸಿದರು, ಜತೆಗೆ ಸಿ.ಡಿ.ಯಿಂದ ಓದುವ ತಡವನ್ನೂ ಸೇರಿಸಿದರು. ಮೂಲದ ಕಾರ್ಟ್ರಿಜಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿದ್ದದ್ದು ಇಲ್ಲಿ ತಿಣುಕುತ್ತಿತ್ತು. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಯಂತ್ರಕ್ಕೆ ಬಂದ 2008ರ ಡಿ.ಎಸ್. ಆವೃತ್ತಿ ಎಲ್ಲವನ್ನೂ ಸರಿದೂಗಿಸಿತು. ಹತ್ತು ವರ್ಷ ಕಳೆದು 2018ರಲ್ಲಿ ಕಂಪ್ಯೂಟರಿಗೆ ಬಂದದ್ದು ಮೊಬೈಲಿನ ಗುಂಡಿಗಳನ್ನೂ ಒರಸಿದಂಥ ಚಿತ್ರಗಳನ್ನೂ ಹೊತ್ತು ಬಂದು ಬೈಸಿಕೊಂಡಿತು, ಆಮೇಲೆ ತಿಂಗಳುಗಟ್ಟಲೆ ತೇಪೆ ಹಾಕಿದರು. ಇವುಗಳಲ್ಲಿ ಯಾವುದು ಮೂಲ, ಯಾವುದು ನಕಲು? ನಾನು ಕೇಳಿದವರಿಗೆ ಡಿ.ಎಸ್. ಎನ್ನುತ್ತೇನೆ. ಅದು ಮೂಲವೂ ಅಲ್ಲ, ರೀಮೇಕೂ ಅಲ್ಲ.

ಪರ್ಸೋನಾ 3 ಎಂಬ ಆಟದ ವಿಷಯದಲ್ಲಿ ನನ್ನ ಹಳೆಯ ಸಿದ್ಧಾಂತ ನನಗೇ ಕೈಕೊಡುತ್ತದೆ. 2006ರ ಮೂಲದಲ್ಲಿ ಜತೆಗಾರರಿಗೆ ನೇರವಾಗಿ ಆಜ್ಞೆ ಕೊಡುವಂತಿಲ್ಲ, ಒಟ್ಟಾರೆ ಧೋರಣೆ ಹೇಳಬಹುದು ಅಷ್ಟೆ. ನೀವು ಸಾಯುತ್ತಿರುವಾಗ ಗೆಳತಿಯೊಬ್ಬಳು ಶತ್ರುವಿಗೆ ಮರುಳು ಹಿಡಿಸುವ ಮಂತ್ರ ಹಾಕುತ್ತ ಕೂರುತ್ತಾಳೆ. ಗೆಳೆಯರೆಂದರೆ ನಿಮ್ಮ ಕೈಗೊಂಬೆಗಳಲ್ಲ ಎಂಬ ತತ್ತ್ವ ಅದರಲ್ಲಿದೆ ಎಂದು ವಾದಿಸಬಹುದು, ವಾದಿಸಿದ್ದೇನೆ ಕೂಡ. ಆದರೂ ರೀಲೋಡ್ ಎಂಬ 2024ರ ರೀಮೇಕ್ ಆಡಿದ ಮೇಲೆ ಹಿಂದಕ್ಕೆ ಹೋಗಲು ಮನಸ್ಸು ಬರಲಿಲ್ಲ. ಹುಡುಗಿಯೇ ನಾಯಕಿಯಾಗುವ ದಾರಿ ಮಾತ್ರ 2009ರ ಪೋರ್ಟಬಲ್ ಆವೃತ್ತಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಇನ್ನು ಕೆಲವು ಕಡೆ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿ ಹೇಳಿದ್ದು, 2010ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು. ಮಾಡಿದವರೇ ಕಳೆದುಕೊಂಡದ್ದೂ ಇದೆ. ಕಿಂಗ್‌ಡಮ್ ಹಾರ್ಟ್ಸ್ ಮರುಬಿಡುಗಡೆ ಮಾಡಹೊರಟಾಗ 2002ರ ಮೂಲ ಸಾಮಗ್ರಿ ಸಿಗದೆ ಎಷ್ಟೋ ಭಾಗವನ್ನು ಹೊಸದಾಗಿ ಮಾಡಬೇಕಾಯಿತು. ಬಾಲ್ಡರ್ಸ್ ಗೇಟ್ ಆಟಕ್ಕೆ 2012ರಲ್ಲಿ ಹೊಸ ಆವೃತ್ತಿ ತಂದವರು ಐಸ್‌ವಿಂಡ್ ಡೇಲ್ 2ಕ್ಕೂ ತರಲು ನೋಡಿದರು, ಅದರ ಸೋರ್ಸ್ ಕೋಡ್ ಯಾರ ಬಳಿಯೂ ಸಿಗಲಿಲ್ಲ. ಕೋಟಿಗಟ್ಟಲೆ ವ್ಯವಹಾರ ನಡೆಸುವವರು ಇವರು. ನಮ್ಮ ಮನೆಯಲ್ಲಿ 1962ರ ಕಂದಾಯ ರಶೀದಿ ತಗಡಿನ ಪೆಟ್ಟಿಗೆಯಲ್ಲಿ ಇನ್ನೂ ಇದೆ.

ಮಿಡ್‌ಗಾರಿಗೆ ಮರಳುತ್ತೇನೆ. ಫೈನಲ್ ಫ್ಯಾಂಟಸಿ 7 ರೀಮೇಕ್ 2020ರ ಏಪ್ರಿಲ್ 10ರಂದು ಬಂದಾಗ ಇಲ್ಲಿ ಲಾಕ್‌ಡೌನ್. ನೂರು ಜಿಬಿಯ ಹತ್ತಿರದ ಆಟವನ್ನು ನಮ್ಮ ಊರಿನ ನೆಟ್‌ವರ್ಕಿನಲ್ಲಿ ಇಳಿಸಿಕೊಳ್ಳುವುದೆಂದರೆ ಹುತ್ತರಿಗೆ ಶುರು ಮಾಡಿದರೆ ಯುಗಾದಿಗೆ ಮುಗಿದೀತು. ಎರಡು ಡಿಸ್ಕುಗಳ ಡಬ್ಬಿ ಕೈಗೆ ಬಂದದ್ದು ವರ್ಷದ ಕೊನೆಗೆ. ಡಬ್ಬಿ ಬಿಚ್ಚುವ ಮೊದಲೇ ಗೊತ್ತಿದ್ದ ಸಂಗತಿ ಒಂದಿತ್ತು. ಈ ಆಟದಲ್ಲಿ ಇಡೀ ಹಳೆಯ ಕಥೆ ಇಲ್ಲ. ಮಿಡ್‌ಗಾರ್ ಮಾತ್ರ ಇದೆ. ಹಳೆಯದರಲ್ಲಿ ಐದಾರು ತಾಸಿನ ಆ ಮೊದಲ ಭಾಗವನ್ನೇ ಹದಿನೆಂಟು ಅಧ್ಯಾಯಗಳಿಗೆ ಹಿಗ್ಗಿಸಿ, ನಗರದ ಗೋಡೆಯ ಆಚೆ ಕಾಲಿಡುವಲ್ಲಿಗೆ ಮುಗಿಸಿದ್ದಾರೆ. ಅರ್ಧ ಆಟಕ್ಕೆ ಪೂರ್ತಿ ಬೆಲೆಯೇ ಎಂದು ಲೋಕವೆಲ್ಲ ಗೊಣಗುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅಣ್ಣನಿಗೆ ಫೋನು ಮಾಡಿ, "ಮೆಮೊರಿ ಕಾರ್ಡ್ ಇಲ್ಲದವರಿಗಾಗಿಯೇ ಮಾಡಿದ್ದಾರೆ" ಎಂದೆ. ಅವನು ಪುಣೆಯಲ್ಲಿ ಯಾವುದೋ ಮೀಟಿಂಗಿನಲ್ಲಿದ್ದವನು ಎದ್ದು ಹೊರಗೆ ಬಂದು ನಕ್ಕ.

ಹೊಸದರಲ್ಲಿ ಅದೇ ಓಣಿ, ಅದೇ ಮುಖ, ದೃಷ್ಟಿ ಹಿಂದಕ್ಕೆ ಸರಿಯುವ ಅದೇ ಬಗೆ. ಚೇಳು ಬಾಲ ಎತ್ತಿದಾಗ ನನ್ನ ಬೆರಳುಗಳು ತಾವಾಗಿ ನಿಂತುಬಿಟ್ಟವು. ಆ ಹೆದರಿಕೆ ಹತ್ತೊಂಬತ್ತು ವರ್ಷ ಹಳೆಯದು. ಈಗಿನ ಚೇಳು ಬೇರೆಯೇ ಆಟ ಆಡುತ್ತದೆ, ಬಿದ್ದ ಕಬ್ಬಿಣದ ರಾಶಿಯ ಹಿಂದೆ ಅವಿತು ಲೇಸರನ್ನು ತಪ್ಪಿಸಿಕೊಳ್ಳಬೇಕು. ಬಾಂಬಿಟ್ಟ ಮೇಲೆ ಹೊರಗೆ ಓಡಲು ಹಳೆಯದರಲ್ಲಿ ಹತ್ತು ನಿಮಿಷ. ಹೊಸದರಲ್ಲಿ ಇಪ್ಪತ್ತು ಬೇಕೋ ಮೂವತ್ತು ಬೇಕೋ ಎಂದು ಕೇಳುತ್ತಾರೆ. ವಯಸ್ಸಾದವರಿಗೆ ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟಂತೆ.

ಆ ಆಟದಲ್ಲಿ ಬೂದುಬಟ್ಟೆಯ ಪ್ರೇತಗಳು ಸುಳಿಯುತ್ತಿರುತ್ತವೆ. ಕಥೆ ಹಳೆಯ ದಾರಿ ಬಿಟ್ಟು ಆಚೀಚೆ ಸರಿಯಲು ನೋಡಿದಾಗಲೆಲ್ಲ ಅವು ಬಂದು ಎಳೆದು ಸರಿದಾರಿಗೆ ತರುತ್ತವೆ. ವಿಧಿಯ ಕಾವಲುಗಾರರು. ಕೊನೆಗೆ ಹೋರಾಟವೇ ಅವುಗಳ ಜತೆ. ಇಪ್ಪತ್ತಮೂರು ವರ್ಷ ಹಳೆಯ ಆಟದ ಜತೆ ಹೊಸ ಆಟ ಜಗಳವಾಡುತ್ತಿದೆ, ಶೀರ್ಷಿಕೆಯ ರೀಮೇಕ್ ಬರಿಯ ಹಣೆಪಟ್ಟಿಯಲ್ಲ, ಅದು ಕಥೆಯೊಳಗಿನ ಕೆಲಸ. ದಾರಿ ಯಾವುದಿತ್ತು ಎಂದೇ ತಿಳಿಯದವರಿಗೆ ದಾರಿ ತಪ್ಪಿದ್ದು ಹೇಗೆ ಗೊತ್ತಾಗಬೇಕು? ಅದಕ್ಕೇ ನಾನು ಹೇಳುವುದು, ಇದು ಹಳಬರಿಗೆ ಬರೆದ ಪತ್ರ ಎಂದು. ಮುಗಿಯುವಾಗ ಹೂ ಮಾರುವ ಹುಡುಗಿ ಏರಿತ್ ಬಯಲಿನಲ್ಲಿ ನಿಂತು ತಲೆಯೆತ್ತಿ, ಆ ಉಕ್ಕಿನ ಆಕಾಶವೇ ನೆನಪಾಗುತ್ತದೆ ಎನ್ನುತ್ತಾಳೆ. ಏಳು ತಿಂಗಳು ಅದರಡಿಯಲ್ಲಿ ಕಳೆದವನಿಗೆ ಆ ಮಾತು ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಿತು.

ಇಷ್ಟೆಲ್ಲವನ್ನೂ ಸೊಸೆಗೆ ಒಂದು ಲೋಟ ಕಾಫಿಯಷ್ಟು ಹೊತ್ತು ವಿವರಿಸಿದೆ. ಚೇಳಿನ ಕಥೆಯನ್ನೂ ಹೇಳಿದೆ. ಅವಳು ಆ ಇಂಗ್ಲಿಷ್ ಸಾಲುಗಳನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡು, "ಮಾವ, ಎರಡನೆಯ ಸಾಲು ಓದಿದ ಮೇಲಾದರೂ ಗೊತ್ತಾಗಬೇಕಿತ್ತಲ್ಲ?" ಎಂದಳು. ನಾನು ಹಲಸಿನ ಬೀಜದ ಸಿಪ್ಪೆ ತೆಗೆಯುವುದರಲ್ಲಿ ಮಗ್ನನಾದೆ.

ಹಳೆಯದನ್ನೇ ಮೊದಲು ಆಡುವುದೆಂದು ತೀರ್ಮಾನವಾಯಿತು. ಆದರೆ ಹಳೆಯ ಸಿ.ಡಿ.ಗಳು ಓಡುವ ಯಂತ್ರ ಯಾವತ್ತೋ ಗುಜರಿಗೆ ಹೋಗಿದೆ. ನನ್ನ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಅದೇ ಆಟದ ಮೊಬೈಲ್ ಆವೃತ್ತಿ ಇತ್ತು, 2016ರಲ್ಲಿ ಬಂದದ್ದು. ಕೊಟ್ಟೆ. ಚಿಕ್ಕ ಪರದೆಯಾದದ್ದೇ ಒಳ್ಳೆಯದಾಯಿತು. ಈಗಿನ ದೊಡ್ಡ ಟಿ.ವಿ.ಯಲ್ಲಿ ನೋಡಿದರೆ ಹಿನ್ನೆಲೆ ಮಸುಕು, ಪಾತ್ರಗಳು ಚೂಪು, ಗೋಡೆಗೆ ಸ್ಟಿಕರ್ ಅಂಟಿಸಿದಂತೆ ಎರಡೂ ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ನಮ್ಮ ಹಳೆಯ ಡಬ್ಬದ ಟಿ.ವಿ. ಎಲ್ಲವನ್ನೂ ಸಮನಾಗಿ ಮಸುಕು ಮಾಡಿ ಒಂದುಗೂಡಿಸುತ್ತಿತ್ತು. ಚೆಂದ ಆಟದ್ದು ಎಂದುಕೊಂಡಿದ್ದೆ, ಅರ್ಧ ಚೆಂದ ಗಾಜಿನದಾಗಿತ್ತು.

ಎರಡೇ ತಾಸಿನಲ್ಲಿ ಅವಳು ಸೆಟ್ಟಿಂಗ್‌ಗೆ ಹೋಗಿ ದಾರಿಯಲ್ಲಿ ಶತ್ರುಗಳೇ ಬಾರದಂತೆ ಮಾಡುವ ಗುಂಡಿ ಕಂಡುಹಿಡಿದಳು. ಹಾಗೆ ಮಾಡಬಾರದು ಎಂದೆ. ಯಾಕೆ ಎಂದಳು. ನಾವು ಪಟ್ಟ ಕಷ್ಟ ನೀನೂ ಪಡಬೇಕು ಎಂಬುದರ ಹೊರತು ಬೇರೆ ಕಾರಣ ಹೊಳೆಯದೆ ಸುಮ್ಮನಾದೆ.

ನನ್ನ ನಿಯಮ ಮುರಿದದ್ದು ಮೂರನೆಯ ದಿನ. ಬೆಳಗ್ಗೆ ಹತ್ತಕ್ಕೆ ಕರೆಂಟು ಬಂತು. ಬಂದದ್ದೇ ತಡ, ಅವಳು ಟಿ.ವಿ. ಹಾಕಿ ಹೊಸದನ್ನು ಶುರು ಮಾಡಿಬಿಟ್ಟಳು. ಮಧ್ಯಾಹ್ನ ಕರೆಂಟು ಹೋಯಿತು. ಅವಳು ನಿಟ್ಟುಸಿರು ಕೂಡ ಬಿಡದೆ ಫೋನು ಕೈಗೆತ್ತಿಕೊಂಡು ಹಳೆಯದನ್ನು ಮುಂದುವರಿಸಿದಳು. ನಮ್ಮ ಇನ್ವರ್ಟರ್ ದೀಪಗಳಿಗೆ ಮಾತ್ರ, ಅದೂ ಎರಡನೆಯ ದಿನಕ್ಕೆ ಸೋಲುತ್ತದೆ. ಫೋನಿನ ಬ್ಯಾಟರಿ ಮುಗಿದಾಗ ಕೊಡೆ ಹಿಡಿದು ಶೆಡ್ಡಿಗೆ ಹೋಗಿ ಜೀಪಿನಲ್ಲಿ ಚಾರ್ಜು ಹಾಕಿಕೊಂಡು ಅಲ್ಲೇ ಕೂತು ಆಡಿದಳು. ಕರೆಂಟು ಇದ್ದರೆ ಹೊಸದು, ಹೋದರೆ ಹಳೆಯದು. ಯಾವುದನ್ನು ಮೊದಲು ಎಂದು ನಾನು ಇಪ್ಪತ್ತು ನಿಮಿಷ ಪ್ರವಚನ ಕೊಟ್ಟಿದ್ದನ್ನು ವಿದ್ಯುತ್ ಇಲಾಖೆ ಒಂದೇ ಏಟಿಗೆ ಬಗೆಹರಿಸಿತ್ತು. ಇನ್ನೊಂದನ್ನೂ ಗಮನಿಸಿದೆ. ಟಿ.ವಿ. ತಟ್ಟನೆ ಆರಿದರೂ ಹೊಸ ಆಟ ಎಲ್ಲಿ ನಿಂತಿತ್ತೋ ಅದರ ಹತ್ತಿರದಿಂದಲೇ ಮತ್ತೆ ಶುರುವಾಗುತ್ತಿತ್ತು, ಅದು ತಾನೇ ಉಳಿಸಿಕೊಳ್ಳುತ್ತದೆ. ಟವೆಲು ಹೊದಿಸಬೇಕಿಲ್ಲ.

ಹೀಗೆ ಒಂದೇ ಕಥೆಯನ್ನು ಅವಳು ಎರಡು ವೇಗದಲ್ಲಿ ಆಡುತ್ತ ಹೋದಳು. ಮಳೆ ಜೋರಿದ್ದುದರಿಂದ ಹಳೆಯದು ಮುಂದಿತ್ತು. ಹೊಸದು ಹಿಂದೆ ಹಿಂದೆ ಬರುತ್ತಿತ್ತು.

ಜೆಸ್ಸಿ ಎಂಬವಳ ವಿಷಯ ಇಲ್ಲಿ ಹೇಳಬೇಕು. ಹಳೆಯ ಆಟದಲ್ಲಿ ಅವಳು ಬಾಂಬಿಡುವ ಗುಂಪಿನ ಮೂವರು ಸಣ್ಣ ಪಾತ್ರಗಳಲ್ಲಿ ಒಬ್ಬಳು. ರೈಲಿನಲ್ಲಿ ನಾಲ್ಕು ಮಾತು, ನಕಲಿ ಗುರುತಿನ ಚೀಟಿ ಮಾಡಿಕೊಡುವ ಚುರುಕು, ಅಷ್ಟೆ. ಶಿನ್ರಾದವರು ಬಡವರ ಮೇಲೆ ತಟ್ಟೆಯನ್ನೇ ಬೀಳಿಸಲು ಹೊರಟಾಗ ಕಂಬದ ಮೆಟ್ಟಿಲುಗಳ ಮೇಲೆ ಅವಳು ಬಿದ್ದಿರುತ್ತಾಳೆ. ನಾವು ಬಾಂಬಿಟ್ಟು ಎಷ್ಟೋ ಜನರನ್ನು ಕೊಂದೆವಲ್ಲ, ಇದು ಅದಕ್ಕೆ ಶಿಕ್ಷೆ ಇರಬೇಕು ಎಂಬರ್ಥದ ಮಾತು ಹೇಳಿ ಸಾಯುತ್ತಾಳೆ. ನಾನೂ ಅಣ್ಣನೂ ಅವಳು ಸಾಯುವುದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇವೆ. ಮಾತು ಬೇಗ ಮುಗಿಯಲಿ ಎಂದು ಗುಂಡಿ ಒತ್ತುತ್ತ ಮೆಟ್ಟಿಲೇರುತ್ತಿದ್ದೆವು. ಕರೆಂಟು ಹೋಗುವುದರೊಳಗೆ ಮೇಲೆ ತಲುಪಬೇಕಿತ್ತಲ್ಲ. ಹೊಸದರಲ್ಲಿ ಜೆಸ್ಸಿಗೆ ಮನೆಯಿದೆ. ನಾಲ್ಕನೆಯ ಅಧ್ಯಾಯದಲ್ಲಿ ಅವಳ ಅಮ್ಮ ಪಿಜ್ಜಾ ಮಾಡಿ ಬಡಿಸುತ್ತಾಳೆ. ಒಳಕೋಣೆಯಲ್ಲಿ ಅಪ್ಪ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ, ರಿಯಾಕ್ಟರಿನ ಕೆಲಸ ಮಾಡಿ ಮಾಕೊ ಎಂಬ ಇಂಧನದ ವಿಷವೇರಿದವನು. ಬಾಂಬಿಡಲು ಹೊರಟವಳಿಗೆ ಒಂದು ಕಾರಣ ಬಂದಿದೆ. ಇಷ್ಟನ್ನು ಹಿಗ್ಗಿಸುವ ಅಗತ್ಯ ಏನಿತ್ತು ಎಂದು ಮೊದಲ ಸಲ ಆಡಿದಾಗ ನಾನು ಆಕಳಿಸಿದ್ದೆ.

ಆಟಿ ತಿಂಗಳ ಹದಿನೆಂಟನೆಯ ದಿನ, ಆಗಸ್ಟ್ 3ರಂದು, ಸೊಸೆ ಅಕ್ಕನ ಜತೆ ಮತ್ತೆ ಬಂದಿದ್ದಳು. ಬೆಳಗ್ಗೆ ಮದ್ದುಸೊಪ್ಪಿನ ಪಾಯಸ. ನೇರಳೆ ಬಣ್ಣದ್ದು, ಮಾರನೆಯ ದಿನದ ಮೂತ್ರದ ಬಣ್ಣದ ಬಗ್ಗೆ ಪ್ರತಿ ವರ್ಷವೂ ಅದೇ ನಗೆಚಾಟಿಕೆ. ಅವಳು ಪಾಯಸದ ಬಟ್ಟಲು ಹಿಡಿದೇ ಟಿ.ವಿ.ಯ ಮುಂದೆ ಕೂತಳು. ಅದೃಷ್ಟಕ್ಕೆ ಕರೆಂಟಿತ್ತು. ಹನ್ನೆರಡನೆಯ ಅಧ್ಯಾಯ, ಕಂಬದ ಬುಡ. ಮೇಲಕ್ಕೆ ಸುತ್ತಿ ಸುತ್ತಿ ಹೋಗುವ ಕಬ್ಬಿಣದ ಮೆಟ್ಟಿಲು, ಮೇಲೆ ಗುಂಡಿನ ಸದ್ದು.

ಕ್ಲೌಡ್ ನಿಂತಲ್ಲೇ ನಿಂತಿದ್ದ. ಒಂದು ನಿಮಿಷ, ಎರಡು ನಿಮಿಷ. ಅವಳು ಚಮಚದಲ್ಲಿ ಪಾಯಸ ಕಲಸುತ್ತಿದ್ದಳು.

"ಯಾಕೆ, ದಾರಿ ಗೊತ್ತಾಗಲಿಲ್ಲವೇ?" ಎಂದೆ.

"ಗೊತ್ತು."

"ಮತ್ತೆ?"

"ಫೋನಿನಲ್ಲಿ ಮೊನ್ನೆಯೇ ಹತ್ತಿದೆ, ಮಾವ. ಮೇಲೆ ಏನಿದೆ ಎಂದು ಗೊತ್ತು." ಸ್ವಲ್ಪ ಹೊತ್ತು ಬಿಟ್ಟು, "ಆಗ ಅವಳ ಅಮ್ಮನನ್ನು ನೋಡಿರಲಿಲ್ಲ" ಎಂದಳು.

ಹಿತ್ತಿಲ ಕಡೆ ಗಾಳಿ ಎದ್ದಿತ್ತು. ದೀಪ ಒಮ್ಮೆ ಮಿಣುಕಿತು, ಇನ್ನೊಮ್ಮೆ ಮಿಣುಕಿತು, ಟಿ.ವಿ. ಕಪ್ಪಾಯಿತು. ಅಡುಗೆಮನೆಯಿಂದ ಅಮ್ಮ ಲೈನ್‌ಮನ್‌ಗೆ ಫೋನು ಮಾಡಲು ಹೇಳಿದಳು.

"ಒಳ್ಳೆಯದಾಯಿತು" ಎಂದಳು ಸೊಸೆ, ಮತ್ತು ಪಾಯಸ ತಿನ್ನತೊಡಗಿದಳು.